ಹೈಬ್ರಿಡ್ ಕಾರು: ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಹೈಬ್ರಿಡ್ ಎಂದ ಮಾತ್ರಕ್ಕೆ ಕಾರು ವಿದ್ಯುತ್ ವಾಹನದ ತೆರಿಗೆ ರಿಯಾಯಿತಿಗೆ ಅರ್ಹವಾಗುವುದಿಲ್ಲ. ದಿನಾಂಕ 22-09-2025ರಿಂದ ಸರಕು ಮತ್ತು ಸೇವಾ ತೆರಿಗೆಯು ಪೆಟ್ರೋಲ್ ಕಾರಿನಂತೆಯೇ ಸಣ್ಣ ಹೈಬ್ರಿಡ್ ಕಾರಿಗೆ ಶೇ. 18, ದೊಡ್ಡದಕ್ಕೆ ಶೇ. 40 ಇರುತ್ತದೆ, ವಿದ್ಯುತ್ ಕಾರಿಗೆ ಶೇ. 5 ಮಾತ್ರ.

ಹೈಬ್ರಿಡ್‌ನಲ್ಲಿ ಸಾಮಾನ್ಯವಾಗಿ ಕಾಣುವ ಎರಡು ವಿಧಗಳು ಹೀಗಿವೆ:

1. ಮೈಲ್ಡ್ ಹೈಬ್ರಿಡ್: ಮೋಟಾರು ಎಂಜಿನ್‌ಗೆ ನೆರವಾಗುತ್ತದೆಯೇ ಹೊರತು ತಾನೊಂದೇ ಕಾರನ್ನು ಓಡಿಸುವುದಿಲ್ಲ. ಇಂಧನ ಉಳಿತಾಯ ಅಲ್ಪ.

2. ಸ್ಟ್ರಾಂಗ್ ಹೈಬ್ರಿಡ್: ಸ್ವಲ್ಪ ದೂರ ವಿದ್ಯುತ್ತಿನಿಂದಲೇ ಚಲಿಸಬಲ್ಲದು. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದಂಶ ಬ್ಯಾಟರಿಗೆ ಮರಳುವುದರಿಂದ ನಗರದ ವಾಹನ ದಟ್ಟಣೆಯಲ್ಲಿ ಉಳಿತಾಯ ಹೆಚ್ಚು, ಹೆದ್ದಾರಿಯಲ್ಲಿ ಕಡಿಮೆ.

ಆದ್ದರಿಂದ ನಗರದಲ್ಲಿ ನಿತ್ಯ ಹೆಚ್ಚು ಸಂಚರಿಸುವ, ಮನೆಯಲ್ಲಿ ಚಾರ್ಜಿಂಗ್ ಅನುಕೂಲವಿಲ್ಲದವರಿಗೆ ಸ್ಟ್ರಾಂಗ್ ಹೈಬ್ರಿಡ್ ಸೂಕ್ತ. ಕಡಿಮೆ ಓಡಿಸುವವರಿಗೆ ಅದರ ಹೆಚ್ಚುವರಿ ಬೆಲೆ ಇಂಧನ ಉಳಿತಾಯದಿಂದ ಮರಳುವುದು ಕಷ್ಟ. ಸಾರ್ವಜನಿಕರು ಕಾರು ಯಾವ ವಿಧದ್ದೆಂಬುದನ್ನು ಮಾರಾಟಗಾರರಿಂದ ಲಿಖಿತವಾಗಿ ಪಡೆದು, ಜೀವಿತಾವಧಿ ತೆರಿಗೆಯ ಮೊತ್ತವನ್ನು ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಖಚಿತಪಡಿಸಿಕೊಂಡ ನಂತರವೇ ಮುಂಗಡ ಹಣ ಪಾವತಿಸುವುದು ಒಳಿತು.