ಪೇಟೆಂಟ್ ಕಚೇರಿಗೆ ಕನ್ನಡ ಬರುವುದಿಲ್ಲವಂತೆ!

ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ನಿಮಗೆ ಗೊತ್ತೇ, ಬೆಂಗಳೂರಿನ ಕನ್ನಡ ತರುಣರೇ? ಸಂಕೇಶ್ವರದ ಪಕ್ಕದ ಊರು. ದುರದುಂಡೀಶ್ವರ ಮಠದ ಊರು. ಸುತ್ತಲೂ ಕಬ್ಬು. 1996ರಿಂದ ಅಲ್ಲೊಂದು ಎಂಜಿನಿಯರಿಂಗ್ ಕಾಲೇಜೂ ಇದೆ.

ಈ ಊರಿನ ರೈತನೊಬ್ಬ ಗಾಣದ ಮನೆಯ ಒಲೆಯನ್ನು ಹೊಸ ರೀತಿಯಲ್ಲಿ ಕಟ್ಟಿ, ಅರ್ಧ ಸಿಪ್ಪೆಯಲ್ಲೇ ಬೆಲ್ಲದ ಕೊಪ್ಪರಿಗೆ ಕುದಿಯುವಂತೆ ಮಾಡಿದ ಎಂದಿಟ್ಟುಕೊಳ್ಳಿ. ತಲೆ ಅವನದು, ಬೆವರು ಅವನದು. ಪೇಟೆಂಟ್ ಬೇಕೆಂದರೆ ಏನು ಮಾಡಬೇಕು?

ಮೊದಲು ಚೆನ್ನೈ ಕಡೆ ಮುಖ ಮಾಡಬೇಕು! ದೇಶದ ಪೇಟೆಂಟ್ ಕಚೇರಿಗಳು ನಾಲ್ಕು: ಕೋಲ್ಕತ್ತ, ದೆಹಲಿ, ಮುಂಬಯಿ, ಚೆನ್ನೈ. ಕರ್ನಾಟಕ ಚೆನ್ನೈಗೆ ಸೇರಿದ್ದು. ವಿಜ್ಞಾನದ ರಾಜಧಾನಿ ಎಂದು ಬೆನ್ನು ತಟ್ಟಿಸಿಕೊಳ್ಳುವ ಬೆಂಗಳೂರಿಗೆ ಆ ಭಾಗ್ಯವಿಲ್ಲ.

ಹೋಗಲಿ, ಅರ್ಜಿಯನ್ನಾದರೂ ಕನ್ನಡದಲ್ಲಿ ಬರೆಯಬಹುದೇ? 2003ರ ಪೇಟೆಂಟ್ ನಿಯಮಗಳ 9ನೇ ನಿಯಮ ಹೇಳುತ್ತದೆ: ಕಾಗದಪತ್ರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು. ಕಂಟ್ರೋಲರ್ ಸಾಹೇಬರು ಬೇರೆ ಅಪ್ಪಣೆ ಕೊಟ್ಟರೆ ಮಾತ್ರ ವಿನಾಯಿತಿ, ಅದೂ ಆವರಣ ಚಿಹ್ನೆಯೊಳಗೆ! ಹಿಂದಿಯವನಿಗೆ ಹಕ್ಕು, ನಿಡಸೋಸಿಯವನಿಗೆ ಸಾಹೇಬರ ದಯೆ. ಇದು ಯಾವ ಸೀಮೆಯ ನ್ಯಾಯ?

ಒಬ್ಬ ವ್ಯಕ್ತಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಲು ಸರ್ಕಾರದ ಶುಲ್ಕ 1600 ರೂಪಾಯಿ. ರೈತ ಅದನ್ನು ಕಟ್ಟಿಯಾನು. ಆದರೆ ತನ್ನ ಒಲೆಯನ್ನು ಕಾನೂನಿನ ಇಂಗ್ಲಿಷಿಗೆ ಇಳಿಸಿಕೊಡುವ ಪೇಟೆಂಟ್ ಏಜೆಂಟರಿಗೆ ಕೊಡಬೇಕಾದದ್ದು ಅದರ ಎಷ್ಟೋ ಪಟ್ಟು. ಅರ್ಜಿಯ ತಾರೀಖು ಯಾರದು ಮೊದಲೋ ಹಕ್ಕು ಅವರದು. ಇವನು ಅನುವಾದಕ್ಕೆ ದುಡ್ಡು ಹೊಂದಿಸುವಷ್ಟರಲ್ಲಿ ಇನ್ನೊಬ್ಬ ಮುಂದೆ ನಿಂತಿರುತ್ತಾನೆ.

ಇನ್ನೂ ದೊಡ್ಡ ಮೋಸ ಬೇರೆ ಇದೆ. ಪೇಟೆಂಟ್ ಎಂದರೆ ಸಮಾಜದ ಜೊತೆ ಮಾಡಿಕೊಂಡ ವ್ಯಾಪಾರ. ಕಂಡುಹಿಡಿದವನು ಗುಟ್ಟನ್ನು ಪೂರ್ತಿ ಬಿಚ್ಚಿಡಬೇಕು. ಬದಲಿಗೆ 20 ವರ್ಷ ಬೇರೆ ಯಾರೂ ಅದನ್ನು ಮಾಡಿ ಮಾರುವಂತಿಲ್ಲ. ಆ ಏಕಸ್ವಾಮ್ಯದ ಬೆಲೆ ತೆರುವವರು ಜನ. ಔಷಧಿಗೆ, ಪಂಪಿಗೆ, ಯಂತ್ರಕ್ಕೆ ಹೆಚ್ಚು ಕಾಸು ಕೊಡುವವರಲ್ಲಿ ಕನ್ನಡಿಗನೂ ಇದ್ದಾನೆ. ಬದಲಿಗೆ ಸಿಗಬೇಕಾದ ವಿದ್ಯೆ? ಅದು ಇಂಗ್ಲಿಷಿನಲ್ಲಿ ಭದ್ರ! ಅವಧಿ ಮುಗಿದ ಪೇಟೆಂಟನ್ನು ಗೋಕಾಕದ ವರ್ಕ್‌ಶಾಪಿನವನೂ ಪುಕ್ಕಟೆ ಬಳಸಬಹುದು. ಓದಲು ಬಂದರೆ ತಾನೇ? ಬೆಲೆ ಕನ್ನಡಿಗ ಕೊಡಬೇಕು, ಸರಕು ಬೇರೆಯವರ ಮನೆಗೆ ಹೋಗಬೇಕು!

‘ಪ್ರಾದೇಶಿಕ ಭಾಷೆಗಳಲ್ಲಿ ಇದೆಲ್ಲ ಸಾಧ್ಯವೇ’ ಎಂದು ಮೂಗು ಮುರಿಯುವವರೇ, ಕೇಳಿ. ಐರೋಪ್ಯ ಪೇಟೆಂಟ್ ಕಚೇರಿ ಯಾವುದೇ ಭಾಷೆಯ ಅರ್ಜಿಯನ್ನು ತೆಗೆದುಕೊಂಡು ತಾರೀಖು ಹಾಕುತ್ತದೆ. ಅನುವಾದಕ್ಕೆ ಎರಡು ತಿಂಗಳು ಕಾಲ. ಅಮೆರಿಕವೂ ಇಂಗ್ಲಿಷಲ್ಲದ ಅರ್ಜಿಯನ್ನು ಪಡೆದು ಅನುವಾದವನ್ನು ಆಮೇಲೆ ಕೇಳುತ್ತದೆ. ಮ್ಯೂನಿಕ್ಕಿನಲ್ಲಿ ನಡೆಯುವ ಕನ್ನಡ ಚೆನ್ನೈಯಲ್ಲಿ ನಡೆಯದು! ಸುಮಾರು 55 ಲಕ್ಷ ಜನರ ಫಿನ್ಲೆಂಡ್ ಫಿನ್ನಿಷ್‌ನಲ್ಲಿ ಪೇಟೆಂಟ್ ಕೊಡುತ್ತದೆ. 2011ರ ಜನಗಣತಿಯಲ್ಲೇ 4 ಕೋಟಿ 37 ಲಕ್ಷವಿದ್ದ ಕನ್ನಡಿಗರು ಕೈಕಟ್ಟಿ ನಿಲ್ಲಬೇಕೇ?

ಬರೆದಿಟ್ಟದ್ದನ್ನು ಕಚೇರಿ ಓದದಿದ್ದರೆ ಏನಾಗುತ್ತದೆಂದು ಅರಿಶಿನ ಕಲಿಸಿದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕ ಪೇಟೆಂಟ್ ಕೊಟ್ಟಿತು. ನಮ್ಮ ಸಿಎಸ್‌ಐಆರ್ ಹಳೆಯ ಬರಹಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಅದು ರದ್ದಾಯಿತು. ಆಮೇಲೆ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಭಂಡಾರ ಶುರುವಾಯಿತು. ಅದಕ್ಕೆ ಆರಿಸಿದ ಮೂಲ ಭಾಷೆಗಳು ಸಂಸ್ಕೃತ, ಅರಬ್ಬಿ, ಪಾರ್ಸಿ, ಉರ್ದು, ತಮಿಳು. ಕನ್ನಡ? 14ನೇ ಶತಮಾನದಲ್ಲೇ ವಿಷವೈದ್ಯದ ಮೇಲೆ ‘ಖಗೇಂದ್ರಮಣಿದರ್ಪಣ’ ಬರೆದ ಮಂಗರಾಜನ ಭಾಷೆಗೆ ಅಲ್ಲಿ ಮಣೆಯಿಲ್ಲ!

ನಮ್ಮ ಜಗಳ ತಮಿಳರ ಮೇಲಲ್ಲ, ಮರಾಠಿಗರ ಮೇಲೂ ಅಲ್ಲ. ನಿಡಸೋಸಿಯಿಂದ ಆಚೆ ಗಡಿ ದಾಟಿದರೆ ಗಡಹಿಂಗ್ಲಜದ ರೈತನಿಗೂ ಇದೇ ಗತಿ. ಮುಂಬಯಿ ಕಚೇರಿಗೆ ಮರಾಠಿಯೂ ಬೇಡ. ನಮ್ಮ ಜಗಳ ದೆಹಲಿಯ ದೊರೆಗಳ ಜೊತೆ.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ನಿಯಮ ತಿದ್ದುವ ಅಧಿಕಾರ ಕೇಂದ್ರ ಸರ್ಕಾರದ ಕೈಯಲ್ಲೇ ಇದೆ. 2016, 2021, 2024ರಲ್ಲಿ ತಿದ್ದಿದರು. ಈ ಸಾಲು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ! ನಮ್ಮ ಬೇಡಿಕೆ ನಾಲ್ಕೇ. ಎಂಟನೇ ಅನುಸೂಚಿಯ ಎಲ್ಲ ಭಾಷೆಗಳ ಅರ್ಜಿಗೂ ಕೊಟ್ಟ ದಿನದ ತಾರೀಖು ಸಿಗಲಿ. ಅನುವಾದ ಸರ್ಕಾರದ ಖರ್ಚಿನಲ್ಲಿ ಆಗಲಿ. ಅವಧಿ ಮುಗಿದ, ನಮ್ಮ ರೈತರಿಗೆ ಮತ್ತು ಸಣ್ಣ ಕೈಗಾರಿಕೆಗೆ ಬೇಕಾದ ಪೇಟೆಂಟ್‌ಗಳನ್ನು ರಾಜ್ಯ ಸರ್ಕಾರ ಕನ್ನಡಕ್ಕೆ ತರಲಿ. ಬೆಂಗಳೂರಿನಲ್ಲಿ ಪೇಟೆಂಟ್ ಕಚೇರಿ ತೆರೆಯಲಿ.

ತರುಣರೇ, ನಿಮ್ಮನ್ನೂ ಬಿಡುವುದಿಲ್ಲ. ಹಗಲೆಲ್ಲ ಪರದೇಶಿ ಕಂಪನಿಯ ಹೆಸರಿಗೆ ಪೇಟೆಂಟ್ ಬರೆದುಕೊಡುವ ನಿಮ್ಮಲ್ಲಿ ಎಷ್ಟು ಜನ ಒಂದೇ ಒಂದು ಪೇಟೆಂಟನ್ನು ಕನ್ನಡದಲ್ಲಿ ವಿವರಿಸಿದ್ದೀರಿ? 1982ರ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. ಆ ಶಾಲೆಯಲ್ಲಿ ಕಲಿತವನ ಬುದ್ಧಿಗೆ ಬೆಲೆ ಕಟ್ಟುವ ಕಚೇರಿಯಲ್ಲಿ ಕನ್ನಡ ಕೇಳುವ ಸರದಿ ನಿಮ್ಮದು. ಇಂದೇ ದೆಹಲಿಗೆ ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಓದಲು ಬಾರದಿದ್ದರೆ ಅನುವಾದ ಮಾಡಿಸಿಕೊಳ್ಳುವ ಕಷ್ಟ ಒಮ್ಮೆ ಅವರಿಗೂ ತಿಳಿಯಲಿ!