ಅನಿಲವನ್ನು ಎಣ್ಣೆಯಾಗಿಸುವ ಲೋಹ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಬರ ಬಂದಾಗ, ನಮ್ಮ ನಾಡಿನ ರಸ್ತೆಗಳಲ್ಲಿ ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡ ಬಸ್ಸುಗಳು ಓಡಾಡುತ್ತಿದ್ದವು. ಅವುಗಳ ಕಥೆಯನ್ನು ಮನೆಯ ಹಿರಿಯರ ಬಾಯಿಂದ ಕೇಳಿದ ಓದುಗರು ಅನೇಕರಿರಬಹುದು. ಹೊರಡುವುದಕ್ಕೆ ಮುಂಚೆ ಕೈಚಕ್ರವನ್ನು ತಿರುವಿ ಒಲೆಗೆ ಗಾಳಿ ಊದಬೇಕು. ಕಡಿದಾದ ಏರು ಬಂದರೆ ಪ್ರಯಾಣಿಕರು ಇಳಿದು ಹೆಗಲು ಕೊಡಬೇಕು. ಕೆಂಡದ ಮೇಲೆ ಗಾಳಿಯೂ ತೇವವೂ ಹಾಯ್ದಾಗ ಇಂಗಾಲದ ಮಾನಾಕ್ಸೈಡು ಮತ್ತು ಜಲಜನಕ ಎಂಬ ಎರಡು ಅನಿಲಗಳು ಹುಟ್ಟುತ್ತವೆ. ಎಂಜಿನ್ನಿನೊಳಗೆ ಉರಿದು ಬಂಡಿಯನ್ನು ನಡೆಸುತ್ತಿದ್ದವು ಅವೇ.

ಈ ಜೋಡಿಗೆ ರಸಾಯನಶಾಸ್ತ್ರದಲ್ಲಿ ಸಂಶ್ಲೇಷಣಾನಿಲ ಎಂದು ಹೆಸರು. ಕಲ್ಲಿದ್ದಲು, ನೈಸರ್ಗಿಕ ಅನಿಲ, ಸೌದೆ, ಕಬ್ಬಿನ ಸಿಪ್ಪೆ, ಹೀಗೆ ಇಂಗಾಲವುಳ್ಳ ನಾನಾ ಪದಾರ್ಥಗಳಿಂದ ಇದನ್ನು ಪಡೆಯಬಹುದು. ಆದರೆ ಅನಿಲವನ್ನು ಕೂಡಿಡುವುದೂ ದೂರಕ್ಕೆ ಸಾಗಿಸುವುದೂ ಪ್ರಯಾಸದ ಕೆಲಸ. ಎಣ್ಣೆಯಾದರೋ ಡಬ್ಬಿಯಲ್ಲಿ ತುಂಬಿ ಊರೂರಿಗೆ ಒಯ್ಯಬಹುದು. ಉರಿಯುವ ಈ ಗಾಳಿಯನ್ನೇ ಎಣ್ಣೆಯನ್ನಾಗಿ ಮಾಡಲು ಬಾರದೆ? ನೂರು ವರ್ಷಗಳ ಹಿಂದೆ ಜರ್ಮನಿಯ ರೂರ್ ಪ್ರದೇಶದಲ್ಲಿ ಈ ಪ್ರಶ್ನೆಗೆ ಉತ್ತರ ದೊರೆಯಿತು. ಆ ಉತ್ತರ ಅಡಗಿದ್ದುದು ಹಿಡಿಯಷ್ಟು ಲೋಹದ ಪುಡಿಯಲ್ಲಿ.

ಅಂತಹ ಪುಡಿಯನ್ನು ನಮ್ಮ ಪಾಠಪುಸ್ತಕಗಳು ‘ವೇಗವರ್ಧಕ’ ಎಂದು ಕರೆಯುತ್ತವೆ. ತಾನು ವ್ಯಯವಾಗದೆ ಇತರ ಪದಾರ್ಥಗಳ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತು ಎಂದು ಅರ್ಥ. ಹಾಲಿಗೆ ಹಾಕುವ ಹೆಪ್ಪಿಗೆ ಇದನ್ನು ಹೋಲಿಸುವವರುಂಟು; ಆದರೆ ಹೋಲಿಕೆ ಪೂರ್ತಿಯಾಗಿ ಹೊಂದದು. ಹೆಪ್ಪು ಹಾಲಿನಲ್ಲಿ ಬೆರೆತು ತಾನೂ ಬೆಳೆಯುತ್ತದೆ. ವೇಗವರ್ಧಕಕ್ಕೆ ಆ ವೃದ್ಧಿಯಿಲ್ಲ. ಯೂರೋಪಿನ ಭಾಷೆಗಳಲ್ಲಿ ಈ ವಿದ್ಯಮಾನಕ್ಕೆ ‘ಕೆಟಾಲಿಸಿಸ್’ ಎಂಬ ಹೆಸರನ್ನು 1835ರ ಸುಮಾರಿನಲ್ಲಿ ಕೊಟ್ಟವರು ಸ್ವೀಡನ್ನಿನ ಬರ್ಜೀಲಿಯಸ್. ಅದರ ಗ್ರೀಕ್ ಮೂಲದಲ್ಲಿ ವೇಗದ ಸುಳಿವೇ ಇಲ್ಲ. ‘ಸಡಿಲಿಸುವುದು’ ಎಂಬ ಭಾವ ಅಲ್ಲಿದೆ. ಭಾಷೆಯ ವಿದ್ಯಾರ್ಥಿಯಾದ ನನಗೆ ಈ ಭೇದ ಸ್ವಾರಸ್ಯವಾಗಿ ತೋರುತ್ತದೆ. ಸಂಶ್ಲೇಷಣಾನಿಲದ ಪ್ರಸಂಗದಲ್ಲಿ ವೇಗವೆಂಬುದು ಅರ್ಧ ಕಥೆ ಮಾತ್ರ. ಕಟ್ಟನ್ನು ಸಡಿಲಿಸಿದ ಲೋಹವು ಮುಂದಿನ ದಾರಿಯನ್ನೂ ತಾನೇ ಆರಿಸುತ್ತದೆ.

1902ರಲ್ಲಿ ಫ್ರಾನ್ಸಿನ ಸಬಾಟ್ಯೇ ಅವರು ತಮ್ಮ ಸಹೋದ್ಯೋಗಿಯೊಡನೆ ಈ ಜೋಡಿ ಅನಿಲವನ್ನು ಬಿಸಿಯಾದ ನಿಕ್ಕಲ್ ಲೋಹದ ಮೇಲೆ ಹಾಯಿಸಿದರು. ಹೊರಬಂದದ್ದು ಮೀಥೇನ್, ಅಂದರೆ ಮತ್ತೊಂದು ಅನಿಲ. ತಾಮ್ರವನ್ನು ಆಧರಿಸಿದ ವೇಗವರ್ಧಕದ ಮೇಲೆ ಹಾಯಿಸಿದರೆ ದೊರೆಯುವುದು ಮೆಥನಾಲ್ ಎಂಬ ಮದ್ಯಸಾರ. ಕೋಬಾಲ್ಟಿನ ಮೇಲೆ ಡೀಸೆಲ್ ಎಣ್ಣೆ ಮತ್ತು ಮೇಣ; ಕಬ್ಬಿಣದ ಮೇಲೆ, ಶಾಖವನ್ನನುಸರಿಸಿ, ಪೆಟ್ರೋಲು ಅಥವಾ ಮೇಣ. ಒಳಹೋಗುವ ಅನಿಲ ಒಂದೇ. ಲೋಹ ಬದಲಾದಂತೆ ಹೊರಬರುವ ಸರಕೇ ಬದಲಾಗುತ್ತದೆ!

ಈ ವೈಚಿತ್ರ್ಯದ ಕಾರಣ ಲೋಹದ ಹಿಡಿತದಲ್ಲಿದೆ. ಮಾನಾಕ್ಸೈಡಿನ ಅಣುವಿನಲ್ಲಿ ಇಂಗಾಲ ಮತ್ತು ಆಮ್ಲಜನಕಗಳ ಕಟ್ಟು ಬಲು ಬಿಗಿ. ಅಣು ಲೋಹದ ಮೇಲ್ಮೈಗೆ ಬಂದು ಅಂಟಿಕೊಂಡಾಗ ಆ ಕಟ್ಟು ಸಡಿಲುತ್ತದೆ. ತಾಮ್ರದ ಹಿಡಿತ ಸೌಮ್ಯವಾದದ್ದು. ಕಟ್ಟು ಹರಿಯದೆ ಆಮ್ಲಜನಕ ಉಳಿದುಕೊಳ್ಳುತ್ತದೆ. ನಿಕ್ಕಲ್ ಕಟ್ಟನ್ನೇನೋ ಬಿಡಿಸುತ್ತದೆ, ಆದರೆ ಬಿಡಿಯಾದ ಇಂಗಾಲಕ್ಕೆ ಆತುರಾತುರವಾಗಿ ಜಲಜನಕವನ್ನು ತೊಡಿಸಿ ಮೀಥೇನಾಗಿ ಕಳುಹಿಸಿಬಿಡುತ್ತದೆ. ಕಬ್ಬಿಣ, ಕೋಬಾಲ್ಟ್, ರುಥೇನಿಯಂ ಲೋಹಗಳಲ್ಲಿ ಮಾತ್ರ ಹಿಡಿತವೂ ಬಿಡುಗಡೆಯೂ ಹದವಾಗಿ ಕೂಡಿವೆ. ಬಿಡಿಯಾದ ಇಂಗಾಲದ ತುಣುಕುಗಳು ಅವುಗಳ ಮೇಲೆ ಸ್ವಲ್ಪ ಹೊತ್ತು ತಂಗಿ, ಒಂದಕ್ಕೊಂದು ಕೂಡಿ, ಸರಪಳಿಯಾಗಿ ಬೆಳೆಯುತ್ತವೆ. ಆಮ್ಲಜನಕ ಬಹುಮಟ್ಟಿಗೆ ಜಲಜನಕದೊಡನೆ ಸೇರಿ ನೀರಾಗಿ ಹೊರಟುಹೋಗುತ್ತದೆ.

ರೂರ್ ಪ್ರದೇಶದ ಮ್ಯೂಲ್‌ಹೈಮ್ ನಗರದಲ್ಲಿ ಕಲ್ಲಿದ್ದಲಿನ ಸಂಶೋಧನೆಗಾಗಿಯೇ ಒಂದು ಸಂಸ್ಥೆ 1914ರಲ್ಲಿ ತೆರೆಯಿತು. ಅದರ ನಿರ್ದೇಶಕರು ಫ್ರಾನ್ಜ್ ಫಿಷರ್. ಅವರ ಜೊತೆಗಾರರು ಬೊಹೀಮಿಯದಲ್ಲಿ ಹುಟ್ಟಿದ ಹಾನ್ಸ್ ಟ್ರಾಪ್ಷ್. ಜರ್ಮನಿಯ ನೆಲದಲ್ಲಿ ಕಲ್ಲಿದ್ದಲು ಹೇರಳ, ಎಣ್ಣೆ ಅತ್ಯಲ್ಪ. ಇಬ್ಬರೂ ಮೊದಲು ಹೆಚ್ಚಿನ ಒತ್ತಡದಲ್ಲಿ ಕಬ್ಬಿಣವನ್ನು ಪರೀಕ್ಷಿಸಿದರು. ಮದ್ಯಸಾರ ಮುಂತಾದ ಆಮ್ಲಜನಕಯುಕ್ತ ದ್ರವಗಳು ಬಂದವು. ಬಳಿಕ ಒತ್ತಡವನ್ನು ಇಳಿಸಿ, ಕಬ್ಬಿಣ ಮತ್ತು ಕೋಬಾಲ್ಟುಗಳೊಡನೆ ಪ್ರಯೋಗಗಳನ್ನು ಮುಂದುವರಿಸಿದರು. ಸಾಧಾರಣ ವಾಯುಭಾರದಲ್ಲಿಯೇ, ಇನ್ನೂರು ಮುನ್ನೂರು ಡಿಗ್ರಿಗಳ ಶಾಖದಲ್ಲಿ, ಪೆಟ್ರೋಲಿಯಮ್ಮಿನಂತಹ ಹೈಡ್ರೊಕಾರ್ಬನ್ನುಗಳು ದೊರೆಯುವುದೆಂದು 1926ರಲ್ಲಿ ಪ್ರಕಟಿಸಿದರು. ಫಿಷರ್–ಟ್ರಾಪ್ಷ್ ಕ್ರಿಯೆ ಎಂದು ಅದಕ್ಕೆ ಹೆಸರು ನಿಂತಿತು. ಅದರ ಮೊದಲ ದೊಡ್ಡ ಕಾರ್ಖಾನೆ 1936ರಲ್ಲಿ ಕೆಲಸವನ್ನಾರಂಭಿಸಿತು. ಅದನ್ನು ಕಾಣುವ ಯೋಗ ಟ್ರಾಪ್ಷರಿಗಿರಲಿಲ್ಲ. 1935ರಲ್ಲಿ, ಐವತ್ತು ತುಂಬುವ ಮುನ್ನವೇ, ಅವರು ತೀರಿಕೊಂಡಿದ್ದರು.

ಪ್ರಯೋಗಶಾಲೆಯ ಗಾಜಿನ ಕೊಳವೆಗೂ ಕಾರ್ಖಾನೆಗೂ ಇರುವ ದೂರ ಅಲ್ಪವಲ್ಲ. ಕ್ರಿಯೆ ನಡೆಯುವುದು ಲೋಹದ ಮೇಲ್ಮೈಯಲ್ಲಿ. ಗಟ್ಟಿಯ ಒಳಗಿರುವ ಪರಮಾಣುಗಳು ನಿರುಪಯುಕ್ತ. ಆದ್ದರಿಂದ ಲೋಹವನ್ನು ಅತಿಸೂಕ್ಷ್ಮ ಕಣಗಳನ್ನಾಗಿ ಮಾಡಿ ಮತ್ತೊಂದು ಪದಾರ್ಥದ ಮೇಲೆ ಹರಡಬೇಕು. ಆಟೊ ರೋಲೆನ್ ಎಂಬ ರಸಾಯನಜ್ಞರು ಸಿದ್ಧಪಡಿಸಿದ ಪಾಕದಲ್ಲಿ 100 ಭಾಗ ಕೋಬಾಲ್ಟಿಗೆ 5 ಭಾಗ ಥೋರಿಯಂ ಆಕ್ಸೈಡು, 8 ಭಾಗ ಮೆಗ್ನೀಸಿಯಂ ಆಕ್ಸೈಡು, 200 ಭಾಗ ಒಂದು ಬಗೆಯ ಬಿಳಿ ಮಣ್ಣು ಇದ್ದವು. ಯಾವುದೋ ಕಾಲದಲ್ಲಿ ನೀರಿನಲ್ಲಿ ಬಾಳಿದ ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪುಗಳಿಂದಾದ ಮಣ್ಣು ಅದು. ಆ ಚಿಪ್ಪುಗಳ ರಂಧ್ರಗಳಲ್ಲಿ ಕೋಬಾಲ್ಟ್ ನೆಲೆಯೂರುತ್ತಿತ್ತು. ಕಬ್ಬಿಣದ ವೇಗವರ್ಧಕಕ್ಕೆ ಅತ್ಯಲ್ಪ ಪೊಟ್ಯಾಸಿಯಂ ಬೆರೆಸುವ ಪದ್ಧತಿಯುಂಟು. ಅದು ಕಬ್ಬಿಣಕ್ಕೆ ಎಲೆಕ್ಟ್ರಾನುಗಳನ್ನು ನೀಡಿ ಮಾನಾಕ್ಸೈಡಿನ ಮೇಲಿನ ಹಿಡಿತವನ್ನು ಬಲಪಡಿಸುತ್ತದೆ, ಜಲಜನಕದ ಆತುರವನ್ನು ತಗ್ಗಿಸುತ್ತದೆ, ಸರಪಳಿ ಉದ್ದವಾಗುತ್ತದೆ. ಕಬ್ಬಿಣವೂ ಕೆಲಸಕ್ಕಿಳಿದ ಮೇಲೆ ಬರಿಯ ಕಬ್ಬಿಣವಾಗಿ ಉಳಿಯುವುದಿಲ್ಲ. ಇಂಗಾಲವನ್ನು ಹೀರಿ ಕಾರ್ಬೈಡ್ ಆಗುತ್ತದೆ. ವೇಗವರ್ಧಕ ತಾನು ಬದಲಾಗುವುದೇ ಇಲ್ಲವೆಂಬ ನಂಬಿಕೆಯನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕು.

ಈ ಲೋಹಗಳಿಗೆ ಪರಮಶತ್ರು ಗಂಧಕ. ಕಲ್ಲಿದ್ದಲಿನಲ್ಲಿ ಗಂಧಕ ಇದ್ದೇ ಇರುತ್ತದೆ. ಅದು ಲೋಹದ ಮೇಲೆ ಕುಳಿತರೆ ಮತ್ತೆ ಏಳದು. ಕ್ರಮೇಣ ಇಡೀ ಮೇಲ್ಮೈ ನಿಷ್ಕ್ರಿಯವಾಗುತ್ತದೆ. ಒಂದು ಘನಮೀಟರ್ ಅನಿಲದಲ್ಲಿ ಗಂಧಕ 2 ಮಿಲಿಗ್ರಾಮಿಗೆ ಮೀರಬಾರದೆಂಬುದು ಜರ್ಮನಿಯ ಕಾರ್ಖಾನೆಗಳ ಕಟ್ಟಳೆ. ಇನ್ನೊಂದು ಶತ್ರು ಕ್ರಿಯೆಯಲ್ಲೇ ಹುಟ್ಟುವ ಶಾಖ. ಅದನ್ನು ಕೂಡಲೆ ಹೊರಗೆ ಸಾಗಿಸದಿದ್ದರೆ ಎಣ್ಣೆಯ ಬದಲು ಮೀಥೇನ್ ಹೆಚ್ಚುತ್ತದೆ. ಆದಕಾರಣ ಲೋಹದ ನಡುನಡುವೆ ನೀರಿನ ಕೊಳವೆಗಳನ್ನು ಒತ್ತೊತ್ತಾಗಿ ಹಾಯಿಸಬೇಕಾಯಿತು.

ಇಷ್ಟೆಲ್ಲ ಮಾಡಿದರೂ, ಬೇಕಾದ ಸರಕೊಂದನ್ನೇ ಪಡೆಯುವುದು ಸಾಧ್ಯವಾಗಲಿಲ್ಲ. ಹೂ ಕಟ್ಟುವವಳನ್ನು ಕಲ್ಪಿಸಿಕೊಳ್ಳಿ. ಪ್ರತಿಯೊಂದು ಹೂವಾದ ಮೇಲೂ ಇನ್ನೊಂದನ್ನು ಸೇರಿಸಲೇ, ಇಲ್ಲವೆ ಗಂಟು ಹಾಕಿ ನಿಲ್ಲಿಸಲೇ ಎಂದು ಕವಡೆ ಎಸೆದು ನಿರ್ಧರಿಸುವಳೆನ್ನಿ. ಆಗ ಚಿಕ್ಕ ತುಂಡು, ಮೊಳ, ಮಾರು ಎಲ್ಲವೂ ಬೆರೆತೇ ಬರುತ್ತವೆ. ಇಂಗಾಲದ ಸರಪಳಿಯ ಗತಿಯೂ ಹೀಗೆಯೇ. ಈ ಲೆಕ್ಕದ ಪ್ರಕಾರ ಪೆಟ್ರೋಲಿನ ಪಾಲು, ಎಷ್ಟೇ ಹದವರಿತು ನಡೆಸಿದರೂ, ತೂಕದಲ್ಲಿ ನೂರಕ್ಕೆ ಸುಮಾರು 48ನ್ನು ಮೀರಲಾರದು. ಇದಕ್ಕೆ ಜಾಣರು ಕಂಡುಕೊಂಡ ಉಪಾಯ ಸರಳ: ಕೋಬಾಲ್ಟಿನ ಮೇಲೆ ಬೇಕೆಂದೇ ಉದ್ದುದ್ದ ಮೇಣವನ್ನು ಬೆಳೆಸಿ, ಆಮೇಲೆ ಅದನ್ನು ಬೇಕಾದ ಅಳತೆಗೆ ಮುರಿಯುವುದು. ಮಲೇಷಿಯದ ಬಿಂಟುಲುವಿನಲ್ಲಿ 1993ರಲ್ಲಿ, ಕತಾರಿನಲ್ಲಿ 2011ರಲ್ಲಿ ಷೆಲ್ ಕಂಪನಿ ಆರಂಭಿಸಿದ ಕಾರ್ಖಾನೆಗಳು ಈ ಮಾರ್ಗವನ್ನು ಹಿಡಿದವು.

ಲೋಹದ ಆಯ್ಕೆಯ ವಿಚಾರ ಇಷ್ಟಾಯಿತು. ಮನುಷ್ಯನ ಆಯ್ಕೆಯ ವಿಚಾರವನ್ನು ಬಿಟ್ಟರೆ ಕಥೆ ಅಪೂರ್ಣವಾಗುತ್ತದೆ.

ಹಿಟ್ಲರನ ಜರ್ಮನಿಯಲ್ಲಿ ಇಂತಹ 9 ಕಾರ್ಖಾನೆಗಳು ಎದ್ದವು. ಕೃತಕ ಇಂಧನದ ಹೆಚ್ಚಿನ ಪಾಲು ಬರುತ್ತಿದ್ದುದು ಬೆರ್ಗಿಯಸ್ ಅವರ ಬೇರೊಂದು ವಿಧಾನದಿಂದ; ಆದರೂ ಯುದ್ಧದ ಗಾಲಿಗೆ ಫಿಷರ್–ಟ್ರಾಪ್ಷ್ ಎಣ್ಣೆಯೂ ಸುರಿಯಿತು. ಅದರ ಮೇಣದಿಂದ ಸಾಬೂನು ಮಾಡಿದರು. ತಿನ್ನುವ ಕೊಬ್ಬನ್ನೂ ಮಾಡಿದರು. 1944ರಲ್ಲಿ ಷ್ವಾರ್ಟ್ಸ್‌ಹೈಡೆಯ ಕಾರ್ಖಾನೆ ಬಾಂಬಿಗೆ ತುತ್ತಾದಾಗ, ಅವಶೇಷಗಳನ್ನು ತೆಗೆದು ದುರಸ್ತಿ ಮಾಡಲು ಆಶ್ವಿಟ್ಸ್ ಸೆರೆಶಿಬಿರದಿಂದ ಸಾವಿರ ಮಂದಿ ಯೆಹೂದಿ ಬಂದಿಗಳನ್ನು ತಂದು ದುಡಿಸಿದರು. ಅವರಲ್ಲಿ ಅನೇಕರು ಬದುಕುಳಿಯಲಿಲ್ಲ.

ಯುದ್ಧಾನಂತರ ಈ ವಿದ್ಯೆ ದಕ್ಷಿಣ ಆಫ್ರಿಕವನ್ನು ಸೇರಿತು. ಅಲ್ಲಿಯೂ ಕಲ್ಲಿದ್ದಲು ಹೇರಳ, ಎಣ್ಣೆಗೆ ಪರಾವಲಂಬನೆ. 1950ರಲ್ಲಿ ಸ್ಥಾಪಿತವಾದ ಸಾಸೋಲ್ ಸಂಸ್ಥೆ 1955ರಲ್ಲಿ ಎಣ್ಣೆಯನ್ನು ಹೊರತಂದಿತು. ದುಬಾರಿಯಾದ ಕೋಬಾಲ್ಟನ್ನು ಬಿಟ್ಟು ಅದು ಅಗ್ಗದ ಕಬ್ಬಿಣವನ್ನು ಆರಿಸಿತು. ಕಲ್ಲಿದ್ದಲಿನ ಅನಿಲದಲ್ಲಿ ಜಲಜನಕ ಕಡಮೆ. ಕಬ್ಬಿಣವು ನೀರಿನಿಂದ ಅದನ್ನು ಅಲ್ಲೇ ಸಂಪಾದಿಸಬಲ್ಲುದು. 1979ರಲ್ಲಿ ಇರಾನಿನ ಕ್ರಾಂತಿಯಾಗಿ ಅಲ್ಲಿಂದ ಎಣ್ಣೆ ನಿಂತಾಗ, ವರ್ಣಭೇದದ ಸರ್ಕಾರಕ್ಕೆ ಆಸರೆಯಾದದ್ದು ಈ ಕಬ್ಬಿಣದ ಪುಡಿ. ಸೆಕುಂಡ ಎಂಬಲ್ಲಿ ಎರಡು ಬೃಹತ್ ಕಾರ್ಖಾನೆಗಳು 1980 ಮತ್ತು 1982ರಲ್ಲಿ ಆರಂಭವಾದವು. 1980ರ ಜೂನಿನಲ್ಲಿ ಸಾಸೋಲಿನ ಸ್ಥಾವರಗಳಿಗೆ ಬಾಂಬಿಟ್ಟವರು ಅದೇ ನಾಡಿನ ವಿಮೋಚನೆಯ ಹೋರಾಟಗಾರರು. ಜಗತ್ತಿನ ನಿರ್ಬಂಧಗಳನ್ನು ಮೀರಿ ವರ್ಣಭೇದ ಯಾವ ಆಧಾರದ ಮೇಲೆ ನಿಂತಿದೆಯೆಂಬುದನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

1994ರಲ್ಲಿ ವರ್ಣಭೇದ ಅಳಿಯಿತು. ಸೆಕುಂಡದ ಚಿಮಣಿಗಳು ಉಳಿದವು. ಜಲಜನಕವನ್ನು ಗಳಿಸುವಾಗಲೂ ಸ್ಥಾವರವನ್ನು ನಡೆಸುವಾಗಲೂ ಕಲ್ಲಿದ್ದಲಿನ ಇಂಗಾಲದ ದೊಡ್ಡ ಪಾಲು, ವಾಹನದ ಟ್ಯಾಂಕನ್ನು ತಲಪುವ ಮೊದಲೇ, ಇಂಗಾಲದ ಡೈಆಕ್ಸೈಡಾಗಿ ಆಕಾಶಕ್ಕೇರುತ್ತದೆ. 2020ರ ಸುಮಾರಿನಲ್ಲಿ ಸೆಕುಂಡ ಒಂದರಿಂದಲೇ ವರ್ಷಕ್ಕೆ 5 ಕೋಟಿ ಟನ್ನಿಗೂ ಹೆಚ್ಚು ಹೊರಬರುತ್ತಿತ್ತು.

ನಮ್ಮ ದೇಶಕ್ಕೂ ಈ ವಿದ್ಯೆ ಅಪರಿಚಿತವಲ್ಲ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದ ಜ್ಞಾನಚಂದ್ರ ಘೋಷರು ಈ ಕ್ರಿಯೆಯಲ್ಲಿ ಆಸಕ್ತರಾಗಿದ್ದರು. ಫಿಷರ್–ಟ್ರಾಪ್ಷ್ ವೇಗವರ್ಧಕಗಳ ಮೇಲೆ ಅನಿಲಗಳು ಹೇಗೆ ಅಂಟಿಕೊಳ್ಳುತ್ತವೆಂಬುದನ್ನು ಅವರೂ ಎಂ. ವಿ. ಸಿ. ಶಾಸ್ತ್ರಿಗಳೂ ಅಭ್ಯಾಸಮಾಡಿದರು, ಅವರ ಬರೆಹಗಳು ಹೊರದೇಶದ ವಿದ್ವತ್ಪತ್ರಿಕೆಗಳಲ್ಲಿ ಅಚ್ಚಾದವು. ಇಂದು ಭಾರತ ಸರ್ಕಾರ 2030ರ ವೇಳೆಗೆ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲನ್ನು ಅನಿಲವಾಗಿಸುವ ಗುರಿಯನ್ನಿಟ್ಟುಕೊಂಡಿದೆ. ಕಚ್ಚಾತೈಲದ ಬಹುಪಾಲನ್ನು ಹೊರಗಿನಿಂದ ಕೊಳ್ಳುವ ದೇಶಕ್ಕೆ ಇದರ ಆಕರ್ಷಣೆ ಸಹಜ. ಆದರೆ ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು. ಸೆಕುಂಡದ ಆಕಾಶವೂ ನಮ್ಮ ಆಕಾಶವೂ ಬೇರೆಬೇರೆಯಲ್ಲ.

ಮತ್ತೊಂದು ದಾರಿಯೂ ಕಾಣತೊಡಗಿದೆ. ಬಿಸಿಲಿನ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನೂ, ಗಾಳಿಯಿಂದಲೋ ಬೆಳೆಯ ಉಳಿಕೆಯಿಂದಲೋ ಇಂಗಾಲವನ್ನೂ ಪಡೆದು, ಅವುಗಳಿಂದ ವಿಮಾನಕ್ಕೆ ಬೇಕಾದ ಎಣ್ಣೆಯನ್ನು ಮಾಡುವುದು. ಅದು ಉರಿದಾಗ ಇಂಗಾಲ ಬಂದಲ್ಲಿಗೇ ಮರಳುತ್ತದೆ. 2030ರಿಂದ ವಿಮಾನಗಳ ಇಂಧನದಲ್ಲಿ ಇಂತಹ ಸಂಶ್ಲೇಷಿತ ಎಣ್ಣೆಯೂ ಸ್ವಲ್ಪ ಪಾಲು ಇರಬೇಕೆಂದು ಯೂರೋಪಿನ ಒಕ್ಕೂಟ ಕಾನೂನು ಮಾಡಿದೆ. ಸದ್ಯಕ್ಕೆ ಅದರ ಬೆಲೆ ವಿಪರೀತ. ಕೊಳ್ಳುವವರು ಹಿಂಜರಿಯುವುದರಲ್ಲಿ ಆಶ್ಚರ್ಯವಿಲ್ಲ.

ಆ ಕಾರ್ಖಾನೆಗಳೊಳಗೂ ಇರುವುದು ಅದೇ ಕೋಬಾಲ್ಟ್, ಅದೇ ಕಬ್ಬಿಣ. ಇಂಗಾಲದ ಕಟ್ಟನ್ನು ಎಷ್ಟು ಸಡಿಲಿಸಬೇಕು, ಸರಪಳಿಯನ್ನು ಎಲ್ಲಿಯವರೆಗೆ ಬೆಳೆಸಬೇಕು ಎಂಬುದನ್ನು ಅವು ಬಲ್ಲವು. ಇಂಗಾಲ ಗಣಿಯಿಂದ ಬಂತೋ ಗಾಳಿಯಿಂದ ಬಂತೋ, ಎಣ್ಣೆ ರಣಗಾಡಿಗೆ ಹೋಗುವುದೋ ಆಂಬುಲೆನ್ಸಿಗೆ ಹೋಗುವುದೋ ಎಂದು ಅವು ವಿಚಾರಿಸವು. ವಿಚಾರಿಸಬೇಕಾದವರು ಆ ಎಣ್ಣೆಯನ್ನು ಉರಿಸುವ ನಾವು. ಅದಕ್ಕೆ ಕೊಡಬೇಕಾದ ಬೆಲೆಯನ್ನು ಕೊಡಲು ಒಪ್ಪಬೇಕಾದವರೂ ನಾವೇ.