ಒಂದೇ ಗುಳಿಗೆ, ಎರಡು ದೇಹ

ಖಿನ್ನತೆಗೆ ವೈದ್ಯರು ಗುಳಿಗೆ ಬರೆದುಕೊಡುತ್ತಾರೆ. ಗುಣ ಕಾಣಲು ಕೆಲವು ವಾರಗಳಾದರೂ ಬೇಕು. ಅಷ್ಟರಲ್ಲಿ ಒಬ್ಬರಿಗೆ ಓಕರಿಕೆ, ನಿದ್ರಾನಾಶ. ಇನ್ನೊಬ್ಬರಿಗೆ ನೀರು ಕುಡಿದಷ್ಟೇ ಪರಿಣಾಮ. ಮನೆಯವರು ಔಷಧವನ್ನು ಹಳಿಯುತ್ತಾರೆ. ರೋಗಿಯು ತನ್ನ ಹಣೆಬರಹವೇ ಇಷ್ಟೆಂದು ಕೈಚೆಲ್ಲುತ್ತಾನೆ. ಹಣೆಯ ಮೇಲಲ್ಲದಿದ್ದರೂ ಬರಹವೊಂದು ಇರುವುದು ನಿಜ, ಅದಿರುವುದು ವಂಶವಾಹಿಗಳಲ್ಲಿ.

ನುಂಗಿದ ಔಷಧವನ್ನು ಒಡೆಯುವ ಕಾರ್ಯ ಬಹುಮಟ್ಟಿಗೆ ಯಕೃತ್ತಿನ ಕಿಣ್ವಗಳದು. ಸಿವೈಪಿ೨ಸಿ೧೯ ಎಂಬ ಕಿಣ್ವವು ಕೆಲವರಲ್ಲಿ ಹುಟ್ಟಿನಿಂದಲೇ ಮಂದ, ಕೆಲವರಲ್ಲಿ ಅತಿ ಚುರುಕು. ಮಂದವಾದರೆ ಔಷಧವು ರಕ್ತದಲ್ಲಿ ಶೇಖರವಾಗುತ್ತದೆ. ಚುರುಕಾದರೆ ಕೆಲಸ ಮಾಡುವ ಮೊದಲೇ ಕರಗಿಹೋಗುತ್ತದೆ. ಮಂದವಾಗಿರುವವರ ಪ್ರಮಾಣ ಯುರೋಪಿಯನ್ನರಿಗಿಂತ ದಕ್ಷಿಣ ಏಷ್ಯದವರಾದ ನಮ್ಮಲ್ಲೇ ಹೆಚ್ಚು. ಅಂಥವರಿಗೆ ಸಿಟಲೋಪ್ರಾಂ ಗುಳಿಗೆಯನ್ನು ದಿನಕ್ಕೆ ೨೦ ಮಿಲಿಗ್ರಾಂ ಮೀರಿ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ವಿಧಿಸಿದೆ. ಮೀರಿದರೆ ಹೃದಯದ ಲಯ ತಪ್ಪುವ ಭಯವುಂಟು.

ಈ ಬರಹವನ್ನು ಓದುವ ಹೊಣೆಯನ್ನು ನೆದರ್ಲೆಂಡ್ಸಿನಲ್ಲಿ ಔಷಧ ಕೊಡುವವರೇ ಹೊತ್ತರು. ಅಲ್ಲಿನ ಫಾರ್ಮಸಿಸ್ಟರ ಸಂಘವು ೨೦೦೫ರಲ್ಲಿ ತಜ್ಞರ ಮಂಡಲಿಯೊಂದನ್ನು ನೇಮಿಸಿ, ಯಾವ ವಂಶವಾಹಿಗೆ ಯಾವ ಔಷಧ ಎಷ್ಟೆಂಬ ಸೂಚನೆಗಳನ್ನು ಸಿದ್ಧಪಡಿಸಿತು. ರೋಗಿಯ ಪರೀಕ್ಷಾ ಫಲ ದಾಖಲಾಗಿದ್ದರೆ, ಒಗ್ಗದ ಔಷಧದ ಚೀಟಿ ಬಂದೊಡನೆ ಅಂಗಡಿಯ ಗಣಕಯಂತ್ರವೇ ಎಚ್ಚರಿಸುತ್ತದೆ. ಕಂಪೌಂಡರ್ ಎಂದು ನಾವು ಲಘುವಾಗಿ ಕರೆಯುತ್ತ ಬಂದವರ ವಿದ್ಯೆ ಇಲ್ಲಿ ನಿಜಕ್ಕೂ ಬೇಕು. ಹುಳಿತೇಗಿಗೆಂದು ನಿತ್ಯ ನುಂಗುವ ಒಮೆಪ್ರಜೋಲ್ ಇದೇ ಕಿಣ್ವವನ್ನು ಅಡಗಿಸುತ್ತದೆ. ವಂಶವಾಹಿ ನೆಟ್ಟಗಿದ್ದವನೂ ಮಂದನಂತಾಗುತ್ತಾನೆ. ಇದು ಪರೀಕ್ಷೆಯ ಕಾಗದದಲ್ಲಿ ಕಾಣದು. ರೋಗಿಯ ಎಲ್ಲ ಗುಳಿಗೆಗಳನ್ನೂ ಬಲ್ಲವನಿಗೆ ಮಾತ್ರ ಕಾಣುತ್ತದೆ.

ಹಾಗೆಂದು ಇದು ಜ್ಯೋತಿಷ್ಯವಲ್ಲ. ಯಾವ ಔಷಧದಿಂದ ಮನಸ್ಸು ತಿಳಿಯಾದೀತೆಂದು ಹೇಳುವ ಶಕ್ತಿ ಅದಕ್ಕಿಲ್ಲ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ೧೯೪೪ ಮಂದಿ ಖಿನ್ನರ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪರೀಕ್ಷೆಯ ಫಲ ಮೊದಲೇ ತಿಳಿದಿದ್ದಾಗ ಒಗ್ಗದ ಔಷಧಗಳನ್ನು ಬರೆಯುವುದು ಕಡಿಮೆಯಾಯಿತು. ಗುಣ ಹೊಂದಿದವರ ಸಂಖ್ಯೆ ಸ್ವಲ್ಪ ಏರಿತು. ೨೪ನೆಯ ವಾರಕ್ಕೆ ಆ ಅಂತರವೂ ಉಳಿಯಲಿಲ್ಲ. ಎಲ್ಲರೂ ಮೊದಲೇ ಮಾಡಿಸಿಕೊಳ್ಳಬೇಕೆಂದು ನಾನು ಹೇಳಲಾರೆ. ಎರಡು ಔಷಧ ಬದಲಿಸಿಯೂ ಬವಣೆ ತಪ್ಪದವರು ವೈದ್ಯರನ್ನು ವಿಚಾರಿಸುವುದು ಯುಕ್ತ. ಫಲ ನೋಡಿ ತಾವಾಗಿಯೇ ಗುಳಿಗೆ ನಿಲ್ಲಿಸುವುದು ಮಾತ್ರ ಸಲ್ಲದು.

ಮಾಡಿಸಿದವರು ಆ ಕಾಗದವನ್ನು ಕಾಪಾಡಿಕೊಳ್ಳಲಿ, ವಂಶವಾಹಿ ಬದಲಾಗುವುದಿಲ್ಲ. ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ ಮೇಲೆ ಕೊಡುವ ಕ್ಲೋಪಿಡೋಗ್ರೆಲ್ ಇದೇ ಕಿಣ್ವದಿಂದ ಚೇತನಗೊಳ್ಳಬೇಕು. ಕಿಣ್ವ ಮಂದವಾದರೆ ಅಲ್ಲಿ ಔಷಧವು ಹೆಚ್ಚಾಗುವುದಿಲ್ಲ, ಸಾಲದೆ ಹೋಗುತ್ತದೆ.